ಇಪ್ಪತ್ಮೂರನೆಯ ನಿಮಿಷ

ಹಳದಿ ತಂತಿ ಚಿತ್ರಕ್ಕೆ, ಕೆಂಪು ಬಿಳಿ ಎರಡೂ ದನಿಗೆ. ಇಷ್ಟು ನೆನಪಿಡಲು ಯಾವ ಪದವಿಯೂ ಬೇಕಿಲ್ಲ, ಆದರೂ ರಾಘಣ್ಣ ಮುಂಜಾನೆಯಿಂದ ಮೂರು ಸಲ ಹಾಕಿ, ತೆಗೆದು, ಮತ್ತೆ ಹಾಕಿದ್ದ. ಒಂದು ತುದಿ ತನ್ನ ಹಳೆಯ ವಿಡಿಯೊ ಕ್ಯಾಮೆರಾಕ್ಕೆ, ಇನ್ನೊಂದು ತುದಿ ಹಳೆಯ ಸಾಮಾನು ಮಾರುವ ಜುನಾ ಬಾಜಾರಿನಲ್ಲಿ ಹುಡುಕಿ ತಂದ ಡಿವಿಡಿ ರೆಕಾರ್ಡರಿಗೆ, ಅಲ್ಲಿಂದ ಟಿವಿಗೆ. ಕಂಪ್ಯೂಟರಿನ ಹಂಗಿಲ್ಲ. ಕ್ಯಾಮೆರಾದಲ್ಲಿ ಟೇಪು ಓಡುತ್ತದೆ, ರೆಕಾರ್ಡರಿನಲ್ಲಿ ಖಾಲಿ ಡಿಸ್ಕು ತಿರುಗುತ್ತದೆ. ಟೇಪು ಎಷ್ಟು ಹೊತ್ತಿನದೋ ಅಷ್ಟು ಹೊತ್ತು ಕೂಡಬೇಕು. ಬೇಗ ಮುಗಿಸಲು ಗುಂಡಿಯಿಲ್ಲ. ಅವನಿಗೆ ಬೇಕಾಗಿದ್ದದ್ದೂ ಇದೇ. ಪಕ್ಕದಲ್ಲಿ ಕೂತು ಕೇಳುತ್ತ ಇದ್ದು, ಇಪ್ಪತ್ಮೂರನೆಯ ನಿಮಿಷ ಬರುತ್ತಲೇ ಯಂತ್ರದ ಬೆನ್ನಿಗೆ ಕೈ ಹಾಕಿ ಕೆಂಪು ಬಿಳಿ ತಂತಿಗಳನ್ನು ಕಿತ್ತು, ಅರ್ಧ ನಿಮಿಷ ಬಿಟ್ಟು ಮತ್ತೆ ಚುಚ್ಚಿದರಾಯಿತು. ಡಿಸ್ಕಿನಲ್ಲಿ ಅಷ್ಟು ಹೊತ್ತು ದನಿಯಿರುವುದಿಲ್ಲ. ಹಳೆಯ ಟೇಪು, ಹೀಗೆಲ್ಲ ಆಗುತ್ತದೆ ಎಂದರೆ ವೈನಿ ನಂಬುತ್ತಾರೆ. ಅವನು ಹೇಳಿದ್ದನ್ನೆಲ್ಲ ವೈನಿ ನಂಬುತ್ತಲೇ ಬಂದಿದ್ದಾರೆ, ಕಷ್ಟವಿರುವುದೇ ಅಲ್ಲಿ.

ವೈನಿ ಎಂದರೆ ಅತ್ತಿಗೆ ರಂಗೂಬಾಯಿ. ಅಣ್ಣ ಅವಧೂತ ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ಅವರು ಪುಣೆಯ ಮನೆ ಬಿಟ್ಟು ದೌಂಡದಲ್ಲಿ ಮಗಳು ಮಂಜರಿಯ ಹತ್ತಿರ ಇದ್ದಾರೆ. ಹೋದ ತಿಂಗಳು ರಾಘಣ್ಣ ಅಲ್ಲಿಗೆ ಹೋದಾಗ ಶೇಂಗಾ ಸುಲಿಯುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದ್ದರು: "ಮಾರಿ ಕಣ್ಮುಂದ ಬರ್ತದ ರಾಘಣ್ಣ, ಫೋಟೋನೂ ಅವ. ದನಿ ಮಾತ್ರ ನೆನಪಾಗವಲ್ದು ನೋಡು. ಎಷ್ಟು ಹುಡುಕಿದ್ರೂ ಸಿಗವಲ್ದು. ಐವತ್ನಾಕು ವರ್ಷ ಕೇಳಿದ ದನಿ, ಎಲ್ಲೆ ಹೋತು ಅಂತೀನಿ." ಕೀಲಿಕೈ ಕಳಕೊಂಡವರಂತೆ ಹೇಳಿದ್ದರು, ಅಳಲಿಲ್ಲ, ಒಂದು ಹುಳುಕು ಬೀಜ ಆರಿಸಿ ಬದಿಗಿಟ್ಟರು. ಅವನ ಬಾಯಿಂದ ಮಾತು ಹೊರಬಿದ್ದು ಹೋಯಿತು. "ಅಣ್ಣನ ಅರವತ್ತರ ಶಾಂತಿ ಟೇಪ್ ಅದರಿ ವೈನಿ." ಅವರು ತಲೆಯೆತ್ತಿದರು. "ಅದು ಸಿಕ್ಕೊಂಡು ಹಾಳಾತು ಅಂದಿದ್ದೆಲ್ಲ?" ಹೌದು, ಅಂದಿದ್ದ. ಹದಿನೆಂಟು ವರ್ಷದ ಹಿಂದೆ ಅಂದಿದ್ದ, ಎಲ್ಲರ ಮುಂದೆ ಅಂದಿದ್ದ, ಅನ್ನುವಾಗ ಮುಖವನ್ನೂ ಸಪ್ಪಗೆ ಮಾಡಿಕೊಂಡಿದ್ದ. "ಅಲ್ಲಲ್ಲೆ ಸ್ವಲ್ಪ ಉಳದದ" ಎಂದ ಈಗ. ಸುಳ್ಳಿಗೆ ತೇಪೆ ಹಾಕುವುದರಲ್ಲಿ ಅರವತ್ತೈದನೆಯ ವಯಸ್ಸಿಗೂ ಅವನು ಪಳಗಿರಲಿಲ್ಲ. ವೈನಿಯ ಮುಖ ಮಾತ್ರ ಅಷ್ಟಕ್ಕೇ ಬೆಳಗಿತು. "ಹಂಗಾರ ನಂಗೊಂದು ಡಿಸ್ಕ್ ಮಾಡಿಕೊಡು. ಇಲ್ಲೆ ಹಳೇ ಪ್ಲೇಯರ್ ಅದ, ಮಂಜರಿ ಹಚ್ಚಿಕೊಡ್ತಾಳ. ನಾನ ಬರ್ತೀನಿ ತಗೊಳ್ಳಿಕ್ಕೆ."

ಟೇಪು ಹಾಳಾಗಿರಲಿಲ್ಲ. ಹಾಳಾಗಿದ್ದದ್ದು ಅವನ ಶೂಟಿಂಗು. ಆಗ ಖಡಕಿಯ ಫ್ಯಾಕ್ಟರಿಯಲ್ಲಿ ಅವನದು ತಪಾಸಣೆಯ ಕೆಲಸ. ಮೇಜಿನ ಮೇಲೆ ಹಸಿರು ದೀಪ ಹತ್ತಿದರೆ ಮಾಲು ಮುಂದೆ ಹೋಗಬಹುದು, ಕೆಂಪು ಹತ್ತಿದರೆ ಎಲ್ಲವೂ ನಿಲ್ಲಬೇಕು. ಮೂವತ್ತು ವರ್ಷ ಕೆಂಪು ಅಂದರೆ ನಿಂತಿದೆ ಎಂದು ಓದಿದ ಕಣ್ಣು. ಶಾಂತಿಯ ಹಿಂದಿನ ದಿನವಷ್ಟೇ ತಂದ ಕ್ಯಾಮೆರಾವನ್ನು ಒಂದು ಸಲ ಗುಂಡಿ ಒತ್ತಿ ಕಣ್ಣಿಗೆ ಹಿಡಿದಾಗ ಒಳಗೆ ಕೆಂಪು ಚುಕ್ಕೆ ಕಂಡಿತು; ಓಹೋ, ನಿಂತಿದೆ ಎಂದುಕೊಂಡು ಮತ್ತೊಮ್ಮೆ ಒತ್ತಿದ, ಕೆಂಪು ಹೋಯಿತು, ಸಮಾಧಾನದಿಂದ ಹೋಮ ಹಿಡಿದ. ಹಿಡಿದು ಮುಗಿಸಿ ಮತ್ತೆ ಒತ್ತಿದ, ಕೆಂಪು ಬಂತು, ನಿಂತಿತು ಎಂದು ಹೆಗಲಿಗೆ ಇಳಿಬಿಟ್ಟ. ಕ್ಯಾಮೆರಾದಲ್ಲಿ ಕೆಂಪು ಅಂದರೆ ಓಡುತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ; ಮುಂಜಾನೆಯಿಂದ ಊಟದ ಹೊತ್ತಿನ ತನಕ ಹೀಗೆ. ಹೋಮ, ಅಣ್ಣ ವೈನಿಗೆ ಮತ್ತೆ ತಾಳಿ ಕಟ್ಟಿದ್ದು, ಹೆಂಗಸರೆಲ್ಲ ಸುತ್ತುವರಿದು ವೈನಿಯಿಂದ ಒಡಪಿನಲ್ಲಿ ಗಂಡನ ಹೆಸರು ಹೇಳಿಸಿದ್ದು, ಯಾವುದೂ ಟೇಪಿನಲ್ಲಿ ಇಲ್ಲ. ಇದ್ದದ್ದು ಹೆಗಲಿಂದ ತೂಗಾಡುವ ಕ್ಯಾಮೆರಾ ಕಂಡದ್ದು: ನೆಲ, ಚಪ್ಪಲಿ, ಧೋತರದ ಅಂಚು, ಬಾಳೆಲೆಯ ಕಟ್ಟು, ಮತ್ತು ಅಷ್ಟೂ ಹೊತ್ತಿನ ಮಾತುಕತೆ.

ಇಷ್ಟೇ ಆಗಿದ್ದರೆ ನಾಲ್ಕು ದಿನ ಜನರ ಬಾಯಲ್ಲಿ ನಗೆಪಾಟಲಾಗಿ ಮುಗಿದುಬಿಡುತ್ತಿತ್ತು. ಆ ಸಂಜೆ ಮನೆಯಲ್ಲಿ ಒಬ್ಬನೇ ಕೂತು ಟೇಪು ಹಾಕಿದಾಗ ಇಪ್ಪತ್ಮೂರನೆಯ ನಿಮಿಷಕ್ಕೆ ತನ್ನದೇ ದನಿ ಕೇಳಿತು. ಬೆಳಿಗ್ಗೆ ಆರತಿಯ ಹೊತ್ತಿಗೆ ವೈನಿ ಎಲ್ಲರೆದುರು, "ಸರಿ ರಾಘಣ್ಣ ಅತ್ಲಾಗ, ಅಡ್ಡ ನಿಂತೀ" ಎಂದಿದ್ದರು. ಫ್ಯಾಕ್ಟರಿಯಿಂದ ಬಂದಿದ್ದ ಅವನ ಕೈಕೆಳಗಿನವರು ಇಬ್ಬರು ಗೋಡೆಗೆ ಆನಿಕೊಂಡು ನಕ್ಕಿದ್ದರು. ಆಮೇಲೆ ಪುರೋಹಿತರ ಚೀಲ ತಾ, ಆಮೇಲೆ ಗ್ಯಾಸಿನವನಿಗೆ ಫೋನ್ ಮಾಡು. ನಲವತ್ತೇಳು ವರ್ಷದ ಮನುಷ್ಯ ಅವನು, ಹತ್ತು ಜನರ ಮೇಲಿನವನು. ಕಲ್ಯಾಣ ಮಂಟಪದ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಅಣ್ಣ ಒಬ್ಬನೇ ಸಿಕ್ಕಾಗ ಆಡಿಬಿಟ್ಟ. "ಹಡದಾಕಿ ಅಲ್ಲಲ್ಲ ಅಣ್ಣಾ ಅಕಿ. ಮನಿಗೆಲಸಕ್ಕ ಒಂದು ಆಳು ಬೇಕಾಗಿತ್ತು, ಅದಕ್ಕ ನನ್ನ ಇಟ್ಕೊಂಡ್ಲು." ಅವರು, ಇವರು ಎಂದು ಬಹುವಚನದಲ್ಲೇ ಕರೆದು ರೂಢಿಯಾದ ಬಾಯಿಗೆ 'ಅಕಿ' ಎಂಬುದು ಎಷ್ಟು ಸಲೀಸಾಗಿ ಬಂದಿತ್ತು. ತಾಯಿ ಸತ್ತ ಎರಡನೆಯ ವರ್ಷಕ್ಕೆ, ಒಂಬತ್ತರ ಹುಡುಗನಿದ್ದ ಅವನನ್ನು ಧಾರವಾಡದಿಂದ ಪುಣೆಗೆ ಕರಕೊಂಡು ಬಂದು, ಹಲವು ಸಂಸಾರಗಳಿದ್ದ ವಾಡೆಯೊಂದರ ಎರಡೇ ಕೋಣೆಯಲ್ಲಿ ಎಣ್ಣೆ ಹಚ್ಚಿ ಎರೆದು, ಮರಾಠಿ ಬಾರದೆ ಶಾಲೆಯಿಂದ ಅಳುತ್ತ ಬಂದ ದಿನಗಳಲ್ಲಿ ತಾನೂ ಪಕ್ಕ ಕೂತು ಅಆಇಈ ತಿದ್ದಿದವರ ಬಗ್ಗೆ ಆಡಿದ ಮಾತು ಅದು. ಆಡಿ, ಅಣ್ಣನ ಉತ್ತರಕ್ಕೂ ನಿಲ್ಲದೆ, ಕ್ಯಾಮೆರಾವನ್ನು ಕಿಟಕಿಯ ಕಟ್ಟೆಯ ಮೇಲೆ ಕುಕ್ಕಿ ಹೊರಟುಹೋಗಿದ್ದ. ಸಂಜೆ ತನ್ನ ದನಿ ಕೇಳಿದ ಕೂಡಲೇ ಟೇಪು ನಿಲ್ಲಿಸಿದ. ಅಲ್ಲಿಂದ ಮುಂದೆ ಅವನು ಕೇಳಿಯೇ ಇಲ್ಲ. ಅಣ್ಣ ಬದುಕಿರುವ ತನಕ ಆ ಮಾತು ಎತ್ತಲಿಲ್ಲ, ಇವನೂ ಕೇಳಲಿಲ್ಲ. ಒಪ್ಪಿಕೊಂಡು ಸುಮ್ಮನಿದ್ದನೋ, ಅಸಹ್ಯಪಟ್ಟು ಸುಮ್ಮನಿದ್ದನೋ, ಹದಿನಾರು ವರ್ಷ ಅಣ್ಣನ ಎದುರು ಕೂತು ಚಹಾ ಕುಡಿದರೂ ತಿಳಿಯಲಿಲ್ಲ.

ಆದ್ದರಿಂದಲೇ ಟೇಪು ಯಾರ ಕೈಗೂ ಹೋಗುವಂತಿರಲಿಲ್ಲ. ಮೇಲಿನ ಮನೆಯ ಇಂಪನಾ, ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮೈಸೂರಿನ ಹುಡುಗಿ, ಮೆಟ್ಟಿಲ ಮೇಲೆ ರೆಕಾರ್ಡರಿನ ಪೆಟ್ಟಿಗೆ ನೋಡಿ, "ಅಯ್ಯೋ ಅಂಕಲ್, ಇಷ್ಟಕ್ಕೆ ಇದ್ಯಾಕೆ? ನನ್ ಹತ್ರ ಕೊಡಿ, ಲ್ಯಾಪ್‌ಟಾಪಿಗೆ ಹಾಕಿ ಬೇಡದ್ದೆಲ್ಲ ಕಟ್ ಮಾಡಿ ಪೆನ್‌ಡ್ರೈವಲ್ಲಿ ಕೊಡ್ತೀನಿ" ಎಂದಿದ್ದಳು. ಬೇಡದ್ದೆಲ್ಲ ಎಂಬ ಮಾತಿಗೆ ಅವನ ಕಿವಿ ಬಿಸಿಯಾಯಿತು. "ಬ್ಯಾಡವಾ ತಂಗಿ, ಹಳೇ ಮಾದರಿ ಇದು, ಕಂಪ್ಯೂಟರಿಗೆ ಒಗ್ಗೂದಿಲ್ಲ" ಎಂದು ಪೆಟ್ಟಿಗೆ ಎದೆಗವಚಿಕೊಂಡು ಇಳಿದಿದ್ದ. ಆ ಹುಡುಗಿ ಪಾಪ ಒಳ್ಳೆಯವಳು, ನಂಬಿದಂತೆ ತಲೆಯಾಡಿಸಿದಳು.

ವೈನಿಯ ಗಾಡಿ ಹನ್ನೊಂದಕ್ಕೆ ಎಂದು ಲೆಕ್ಕ ಹಾಕಿ ಒಂಬತ್ತಕ್ಕೇ ಕೂತಿದ್ದ. ಹೆಂಡತಿ ನೀಲಿಮಾ ಒಳಗೆ ಹೂರಣ ಅರೆಯುತ್ತಿದ್ದಳು. ಡಿಸ್ಕು ಹಾಕಿ, ರೆಕಾರ್ಡರಿನ ಕೆಂಪು ದೀಪ ಹತ್ತಿದ್ದನ್ನು ಎರಡೆರಡು ಸಲ ನೋಡಿ, ಕೆಂಪು ಅಂದರೆ ಓಡುತ್ತಿದೆ, ಓಡುತ್ತಿದೆ ಎಂದು ತನಗೆ ತಾನೇ ಹೇಳಿಕೊಂಡು ಟೇಪು ಬಿಟ್ಟ. ತೆರೆಯ ಮೇಲೆ ಕಲ್ಯಾಣ ಮಂಟಪದ ಕಡಪಾ ಕಲ್ಲಿನ ನೆಲ ವಾಲಾಡುತ್ತ ಬಂತು. ಯಾರದೋ ಕಾಲುಂಗುರ. ತೆಂಗಿನಕಾಯಿ ಎಲ್ಲಿಟ್ಟಿರಿ ಎಂದು ಯಾರೋ ಕೇಳಿದರು, ಈಗ ಅವರೂ ಇಲ್ಲ. ಹದಿನಾಲ್ಕನೆಯ ನಿಮಿಷಕ್ಕೆ ಬಾಗಿಲ ಗಂಟೆ ಸದ್ದಾಯಿತು. ನೀಲಿಮಾ ಹೂರಣದ ಕೈಯಲ್ಲೇ ಹೋಗಿ ತೆಗೆದು, "ಅಯ್ಯ, ಬರ್ರಿ ವೈನಿ, ಇಷ್ಟು ಲಗೂ?" ಎಂದದ್ದು ಕೇಳಿಸಿತು. "ತಡಿಯವಲ್ದಾತು ನೋಡು. ಮುಂಜಾನಿ ಗಾಡಿಗೇ ಕೂತುಬಿಟ್ಟೆ" ಎನ್ನುತ್ತ ರಂಗೂಬಾಯಿ ಚಪ್ಪಲಿ ಬಿಡುವುದರೊಳಗೆ ಟಿವಿಯಲ್ಲಿ ಯಾರೋ ಕೆಮ್ಮಿದರು. ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ಆಚಾರ್ರ, ಇನ್ನ ಎಷ್ಟು ಹೊತ್ತರಿ? ಮಂಡಿ ಹಿಡದಾವು" ಎಂದರು. ಅಣ್ಣ. ವೈನಿ ಒಂದು ಚಪ್ಪಲಿ ಕಾಲಲ್ಲೇ ಇರುವಂತೆ ನಿಂತುಬಿಟ್ಟರು.

ನಿಲ್ಲಿಸಬಹುದಿತ್ತು. ಚಹಾ ಆಗಲಿ, ಊಟ ಆಗಲಿ, ನೀವು ಸ್ವಲ್ಪ ಮಲಗಿರಿ ಎನ್ನಬಹುದಿತ್ತು. ಅವನು ಕೈ ಚಾಚುವಷ್ಟರಲ್ಲಿ ಅವರು ಬಂದು ಅವನ ಪಕ್ಕ ನೆಲದ ಮೇಲೇ, ಟಿವಿಗೆ ಆದಷ್ಟು ಹತ್ತಿರ, ಕೂತುಬಿಟ್ಟಿದ್ದರು. "ಬರೇ ನೆಲಾ ಕಾಣ್ತದಲ್ಲೋ" ಎಂದರು. ತಾನು ಗುಂಡಿ ತಪ್ಪು ಒತ್ತಿದ್ದನ್ನು, ಕೆಂಪು ದೀಪದ ಕತೆಯನ್ನು ಹೇಳಿದ. ಹದಿನೆಂಟು ವರ್ಷ ಮುಚ್ಚಿಟ್ಟ ಅವಮಾನ ಎರಡು ವಾಕ್ಯದಲ್ಲಿ ಮುಗಿಯಿತು. ರಂಗೂಬಾಯಿ ಬಾಯಿಗೆ ಸೆರಗು ಹಿಡಿದು ನಕ್ಕರು. "ಅದಕ್ಕ ಹಾಳಾತು ಅಂದ್ಯಾ? ಹುಚ್ಚ. ನಿಮ್ಮಣ್ಣಗ ಹೇಳಿದ್ರ ಎಷ್ಟು ನಗತಿದ್ರು." ನಕ್ಕು, ಆಮೇಲೆ ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದರು. ನೋಡುವಂಥದ್ದು ಏನೂ ಇರಲಿಲ್ಲವಲ್ಲ. ಅಣ್ಣ ಯಾರಿಗೋ ಬಸ್ಸಿನ ದಾರಿ ಹೇಳುತ್ತಿದ್ದ, ಸ್ವಾರಗೇಟದಾಗ ಇಳದು ಎಡಕ್ಕ ಬರ್ರಿ ಅಂದ್ರ ಬಲಕ್ಕ ಹೋಗ್ಯಾರ ನೋಡ್ರಿ ಎಂದು ದೂರುತ್ತಿದ್ದ, ಉಪ್ಪಿಟ್ಟು ಛಲೋ ಆಗ್ಯದ ಎನ್ನುತ್ತಿದ್ದ. ಯಾವುದೂ ಇಟ್ಟುಕೊಳ್ಳಬೇಕಾದ ಮಾತಲ್ಲ. ಒಂದೊಂದಕ್ಕೂ ವೈನಿಯ ತುಟಿ ಅಲುಗುತ್ತಿತ್ತು. ಅವನ ಮಾತನ್ನು ಅವನ ಜೊತೆಯಲ್ಲೇ, ದನಿಯಿಲ್ಲದೆ, ತಾವೂ ಆಡಿ ನೋಡುತ್ತಿದ್ದರು. ನಡುನಡುವೆ ಜನ ರಾಘಣ್ಣನನ್ನು ಕೂಗುತ್ತಿದ್ದರು, ಅವನ ಸಿಟ್ಟಿನ 'ಹೂಂ' ಒಂದು ಕೇಳುತ್ತಿತ್ತು. ಇವರನ್ನು ನೋಡಿದರೆ ಅವನಿಗೆ ಸಂತೋಷವಾಗುತ್ತಿತ್ತು, ಆ ಸಂತೋಷದ ಬುಡದಲ್ಲೇ ಹೆದರಿಕೆ. ರೆಕಾರ್ಡರಿನ ಅಂಕಿ ಇಪ್ಪತ್ತೊಂದು ದಾಟಿತು.

ಎಡಗೈಯನ್ನು ಮೆಲ್ಲಗೆ ಯಂತ್ರದ ಹಿಂದೆ ಸರಿಸಿದ. ಕೈಗೆ ಮೂರು ತಂತಿ ಸಿಕ್ಕವು. ಟೇಪಿನೊಳಗೆ ಅಡುಗೆಯವನು "ಪಾನೇ ಮಾಂಡಲೀ!" ಎಂದು ಮರಾಠಿಯಲ್ಲಿ ಕೂಗಿದ, ಎಲೆ ಹಾಕಿದ್ದಾಗಿದೆ, ಏಳಿರಿ ಎಂದು. ಪಕ್ಕದ ಕೋಣೆಯ ಬಾಗಿಲು ಕಿರುಗುಟ್ಟಿತು. ಅಣ್ಣನ ದನಿ, ಈಗ ತೀರಾ ಹತ್ತಿರದಿಂದ, ಕಿವಿಯಲ್ಲೇ: "ಯಾಕೋ, ಮಾರಿ ಯಾಕ ಹಂಗ ಮಾಡೀ?" ಇಡೀ ಟೇಪಿನಲ್ಲಿ ಅಣ್ಣ ಇಷ್ಟು ಮೆತ್ತಗೆ ಮಾತಾಡಿದ್ದು ಇದೇ ಮೊದಲು. ವೈನಿ ಮುಚ್ಚಿದ ಕಣ್ಣು ತೆರೆಯದೆ ಕೈ ಚಾಚಿ ತಡಕಾಡಿ ಅವನ ಬಲಗೈ ಮಣಿಕಟ್ಟು ಹಿಡಿದುಕೊಂಡರು. "ಇದ," ಎಂದರು ಪಿಸುದನಿಯಲ್ಲಿ, "ಇದ ನೋಡು ಅವರ ದನಿ. ಮನಿಯಾಗಿನ ದನಿ." ತಂತಿ ಹಿಡಿದ ಎಡಗೈಗೆ ಯಾರ ತಡೆಯೂ ಇರಲಿಲ್ಲ. ಸ್ವಲ್ಪ ಎಳೆದರೆ ಸಾಕಿತ್ತು, ಆಮೇಲೆ ಮತ್ತೆ ಚುಚ್ಚಬಹುದಿತ್ತು, ಟೇಪೇ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಅವನಿಗೆ ಎಳೆಯಲಾಗಲಿಲ್ಲ. ಹುಡುಕಿ ಹುಡುಕಿ ಈಗಷ್ಟೇ ಸಿಕ್ಕಿದ್ದನ್ನು ಅವರ ಕಿವಿಯಿಂದ ಕಿತ್ತುಕೊಳ್ಳುವ ಕೈ ತನ್ನದಾಗಬೇಕೇ? ತನ್ನ ಮರ್ಯಾದೆ ಉಳಿಸಲು ಒಮ್ಮೆ ಟೇಪನ್ನೇ ಸಾಯಿಸಿದ್ದ. ತಂತಿ ಬಿಟ್ಟು ಕೈ ತೊಡೆಯ ಮೇಲೆ ಇಟ್ಟುಕೊಂಡ. "ವೈನಿ, ಇಲ್ಲೆ ನಾ ಒಂದು ಮಾತು..." ಎಂದು ಶುರು ಮಾಡಿದ. ಅಷ್ಟರಲ್ಲಿ ನಲವತ್ತೇಳರ ರಾಘಣ್ಣ ಮಾತಾಡಿದ. ಹಡದಾಕಿ ಅಲ್ಲಲ್ಲ ಅಣ್ಣಾ ಅಕಿ. ಮನಿಗೆಲಸಕ್ಕ ಒಂದು ಆಳು ಬೇಕಾಗಿತ್ತು, ಅದಕ್ಕ ನನ್ನ ಇಟ್ಕೊಂಡ್ಲು. ಸ್ಪಷ್ಟವಾಗಿತ್ತು, ಒಂದಕ್ಷರ ಅಳಿಸಿರಲಿಲ್ಲ. ಕ್ಯಾಮೆರಾ ಕಟ್ಟೆಯ ಮೇಲೆ ಕುಕ್ಕಿದ ಸದ್ದು. ಬಾಗಿಲು.

ಮಣಿಕಟ್ಟಿನ ಮೇಲಿನ ಹಿಡಿತ ಸಡಿಲವಾಯಿತು, ಬಿಡಲಿಲ್ಲ, ಬಿಗಿಯಾಗಲೂ ಇಲ್ಲ. ಅವರ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ, ತೆರೆ ನೋಡಿದ. ಕಟ್ಟೆಯ ಮೇಲಿಂದ ಕ್ಯಾಮೆರಾ ಕೆಳಮುಖವಾಗಿ ಎರಡು ಮಡಚುವ ಕುರ್ಚಿಗಳ ಕಾಲನ್ನೂ ಒಂದಿಷ್ಟು ನೆಲವನ್ನೂ ನೋಡುತ್ತಿತ್ತು. ಮೊದಲ ಸಲ ಚಿತ್ರ ಅಲುಗದೆ ನಿಂತಿತ್ತು. ಒಂದು ಕುರ್ಚಿಯ ಮುಂದೆ ಅಣ್ಣನ ಪಾದಗಳು, ಹೋಮದ ನೀರಿನಿಂದ ಒದ್ದೆಯಾದ ಧೋತರದ ಅಂಚು. ಅಣ್ಣ ನಿಟ್ಟುಸಿರು ಬಿಟ್ಟ. ಆಮೇಲೆ ಬಾಗಿಲಲ್ಲಿ ಹಸಿರು ಸೀರೆಯ ನೆರಿಗೆ, ಕಾಲುಂಗುರ, ಐವತ್ತಾರು ವರ್ಷದ ರಂಗೂಬಾಯಿಯ ಏರುದನಿ.

"ರಾಘಣ್ಣ ಎಲ್ಲ್ಯದಾನ್ರಿ? ಎಲಿ ಹಾಕ್ಯಾರ."

"ಬರ್ತಾನ. ಕ್ಯಾಮೆರಾದ್ದು ಬ್ಯಾಟರಿ ತರ್ಲಿಕ್ಕೆ ಹೋಗ್ಯಾನ."

"ಉಂಡಿಲ್ಲ ಇನ್ನ ಅವಾ. ಮುಂಜಾನಿಂದ ಓಡ್ಯಾಡ್ಲಿಕತ್ತಾನ. ಎಲ್ಲಾರ ಮುಂದ ಅಡ್ಡ ನಿಂತೀ ಅಂತ ಅಂದುಬಿಟ್ಟೆ ಬ್ಯಾರೆ. ಅವರ ಫ್ಯಾಕ್ಟರಿಯವರು ಇದ್ರು."

"ಅವಗೇನು ಗೊತ್ತಾಗೂದಿಲ್ಲೇನು, ಬಿಡು. ಸಿಟ್ಟು ಇಳದ ಮ್ಯಾಲೆ ಬರ್ತಾನ. ನೀ ಹೋಗಿ ಕೂಡು ಊಟಕ್ಕ."

"ಅವಾ ಬರ್ಲಿ."

"ಹಂಗಾರ ಇಲ್ಲೆ ಕೂಡು. ಕಾಲು ಚಾಚು. ಯಾರೂ ಬರೂದಿಲ್ಲ ಇಲ್ಲೆ."

ಎರಡನೆಯ ಕುರ್ಚಿ ಕಿರುಗುಟ್ಟಿತು. ಎರಡು ಜೊತೆ ಪಾದಗಳು. ಆಮೇಲಿನದ್ದು ಮಾತೆಂದು ಹೇಳುವಷ್ಟೇನೂ ಇರಲಿಲ್ಲ. ಯಾವ ಆಯಿ ಯಾವ ಸೀರೆ ಉಟ್ಟಿದ್ದಳು, ಹೋಮದ ಹೊಗೆಗೆ ಕಣ್ಣುರಿ, ಮಂಜರಿಯ ಕೂಸಿಗೆ ಜ್ವರ ಇಳಿದಿದೆಯೇ. ಒಮ್ಮೆ ಅಣ್ಣನ ಬಲಪಾದ ಮೆಲ್ಲಗೆ ಎದ್ದು ಹೆಂಡತಿಯ ಊದಿಕೊಂಡ ಪಾದದ ಮೇಲೆ ಕೂತಿತು, ಒತ್ತಿತು. "ಯಾರರೆ ನೋಡ್ಯಾರ್ರಿ" ಎಂದಳು ಹಸಿರು ಸೀರೆಯ ರಂಗೂಬಾಯಿ, ಕಾಲು ಮಾತ್ರ ತೆಗೆಯಲಿಲ್ಲ. ಹನ್ನೊಂದು ನಿಮಿಷ ಅವರಿಬ್ಬರೂ ಹಾಗೆ ಕೂತು, ತನ್ನನ್ನು ಕಾಯುತ್ತಿದ್ದರು. ಆ ಹನ್ನೊಂದು ನಿಮಿಷ ತಾನು ಎಲ್ಲಿದ್ದೆ ಎಂಬುದು ರಾಘಣ್ಣನಿಗೆ ಚೆನ್ನಾಗಿ ನೆನಪಿತ್ತು: ಸ್ವಾರಗೇಟದ ಬಸ್ ನಿಲ್ದಾಣದ ಎದುರು ಗಾಡಿಯ ಮುಂದೆ ನಿಂತು ಮಿಸಳ್ ತಿನ್ನುತ್ತಿದ್ದೆ, ಖಾರಕ್ಕೆ ಕಣ್ಣೀರು ಬರುತ್ತಿದ್ದರೂ ಜೊತೆಗೆ ಇನ್ನೊಂದು ಪಾವ್ ಬ್ರೆಡ್ಡು ಕೇಳಿದ್ದೆ. ಅಣ್ಣ ಸುಮ್ಮನಿದ್ದದ್ದು ಒಪ್ಪಿಯೂ ಅಲ್ಲ, ಹೇಸಿಯೂ ಅಲ್ಲ. ಸಿಟ್ಟು ಇಳದ ಮ್ಯಾಲೆ ಬರ್ತಾನ ಎಂದು ನಂಬಿ ಸುಮ್ಮನಿದ್ದ. ಚಿತ್ರ ಫಕ್ಕನೆ ಹೋಗಿ ನೀಲಿ ಬಂತು. ಅಂದು ಬ್ಯಾಟರಿ ಮುಗಿದದ್ದು ಅಲ್ಲಿಗೆ.

ಒಳಗೆ ಅರೆಯುವ ಸದ್ದು ಯಾವಾಗಲೋ ನಿಂತಿತ್ತು. ನೀಲಿಮಾ ಬಾಗಿಲ ಹಿಂದೆ ಇದ್ದಾಳೆ, ಕೇಳಿದ್ದಾಳೆ ಎಂದು ಗೊತ್ತಾಯಿತು. ರಂಗೂಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು, ಮೂಗು ಒರೆಸಿಕೊಂಡರು, ಇನ್ನೂ ಕಾಲಲ್ಲೇ ಇದ್ದ ಒಂದು ಚಪ್ಪಲಿಯನ್ನು ಆಗ ನೋಡಿ ತೆಗೆದು ಬದಿಗಿಟ್ಟರು.

"ಅವತ್ತು ಎಲ್ಲೆ ಉಂಡೀ?" ಎಂದರು.

"ಸ್ವಾರಗೇಟದಾಗ. ಮಿಸಳ್." ಸುಳ್ಳು ಹೇಳಬೇಕೆಂದು ಅನಿಸಲೇ ಇಲ್ಲ. "ನೀವು?"

"ನಾಕು ಹೊಡಿಯೂತನಕಾ ನೋಡಿ, ಆಮ್ಯಾಲೆ ಮೊಸರನ್ನಾ ತಿಂದ್ವಿ ಇಬ್ರೂ."

"ವೈನಿ, ನಾ ಅಂದದ್ದು..." ಅರವತ್ತೈದರ ಮುದುಕ ಎಂಬುದು ಆ ಹೊತ್ತು ಯಾವ ಉಪಯೋಗಕ್ಕೂ ಬರಲಿಲ್ಲ. "ತಪ್ಪಾತ್ರಿ. ಆ ಮಾತು ಖರೇ ಅಲ್ಲ. ಆವತ್ತೂ ಖರೇ ಇರಲಿಲ್ಲ."

"ನೋವಾತು," ಎಂದರು ರಂಗೂಬಾಯಿ. "ಆಗಲಿಲ್ಲ ಅಂತ ಹೆಂಗ ಅನ್ಲಿ. ಆದ್ರ ಬೇಕಾಗಿತ್ತು ಅಂದ್ಯಲ್ಲ, ಅದು ಖರೇನ. ಆಳಲ್ಲೋ. ಹದಿನೆಂಟು ವರ್ಷದಾಕಿ ನಾ, ಗೊತ್ತಿಲ್ಲದ ಊರು. ಅವರು ಮುಂಜಾನಿ ಪೋಸ್ಟ್ ಆಫೀಸಿಗೆ ಹೋದ್ರ ಸಂಜಿಗೇ ಬರಾವ್ರು. ಕನ್ನಡದಾಗ ಒಂದು ಮಾತು ಆಡ್ಲಿಕ್ಕೆ ಆ ವಾಡೆದಾಗ ನೀ ಒಬ್ಬಾವನ ಇದ್ದಿ. ಸಾಲಿಯಿಂದ ಯಾವಾಗ ಬರ್ತಿ ಅಂತ ಹಾದಿ ಕಾಯ್ತಿದ್ದೆ. ಬೇಕಾಗಿದ್ದಿ ನೀ ನನಗ."

ತೆರೆಯ ಮೇಲೆ ಯಂತ್ರ ಏನೋ ಕೇಳುತ್ತಿತ್ತು. ಡಿಸ್ಕನ್ನು ಮುಚ್ಚಲೇ? ಮುಚ್ಚಿದರೆ ಬೇರೆ ಪ್ಲೇಯರಿನಲ್ಲಿ ಹಚ್ಚಬಹುದು, ಆದರೆ ಇನ್ನು ಇದರಲ್ಲಿ ಏನನ್ನೂ ಬದಲಿಸಲಾಗದು. ಕೆಳಗೆ ಎರಡು ಚೌಕ, ಹೌದು, ಇಲ್ಲ. ರಾಘಣ್ಣ ಮೂಗೊರೆಸಿಕೊಂಡು ರಿಮೋಟು ಎತ್ತಿಕೊಂಡ. "ಇದು ಇಲ್ಲಿಗೇ ಬಿಡೋಣ್ರಿ. ಇನ್ನೊಂದು ಡಿಸ್ಕ್ ಅದ. ಊಟ ಆದ ಮ್ಯಾಲೆ ಮೊದಲಿಂದ ಹಾಕ್ತೀನಿ, ಆ ಮಾತು ಬರೂ ಮುಂದ ತಂತಿ ತಗದ್ರ ಆತು. ಮಂಜರಿ ಕೇಳ್ತಾಳ, ಮೊಮ್ಮಕ್ಕಳು ಕೇಳ್ತಾವು."

"ಕೇಳ್ಲಿ."

"ನಿಮಗರೆ ಮತ್ತ ಮತ್ತ ಯಾಕ್ರಿ ಅದು?"

ರಂಗೂಬಾಯಿ ಅವನ ಕಡೆ ಪೂರ್ತಿ ತಿರುಗಿದರು. ಎಪ್ಪತ್ನಾಲ್ಕು ವರ್ಷದ ಕಣ್ಣು, ಅತ್ತು ಕೆಂಪಾಗಿದ್ದವು, ತಪ್ಪು ಲೆಕ್ಕ ಬಿಡಿಸಿದ ಹುಡುಗನನ್ನು ನೋಡುವಂತೆ ನೋಡಿದವು. "ಇದರಾಗ ಆಚಾರ್ರ ದನಿ ಅದ, ಅಡಿಗಿಯವಂದು ಅದ, ಅವರದು ಅದ, ನಂದು ಅದ. ನಿಂದು ಹೂಂ ಅನ್ನೂದು ಬಿಟ್ರ ಅದೊಂದ ಮಾತು ಅದ ರಾಘಣ್ಣ. ಅದನ್ನೂ ತಗದುಬಿಟ್ರ, ನಾಳೆ ನಿನ್ನ ದನೀನೂ ಮರತಾಗ ನಾ ಏನು ಹಚ್ಚಿ ಕೇಳ್ಲಿ?"

ಅವನು ಹೌದು ಎಂಬ ಚೌಕಕ್ಕೆ ಹೋಗಿ ಒತ್ತಿದ. ನಾಲ್ಕು ನಿಮಿಷ ಬೇಕು, ನಡುವೆ ಸ್ವಿಚ್ಚು ತೆಗೆಯಬೇಡಿ ಎಂದು ಯಂತ್ರ ಬರೆದು ತೋರಿಸಿತು. ಇಬ್ಬರೂ ಗೋಡೆಗೆ ಒರಗಿ ಕೂತರು.